ವಾಮನರಾಯರ ನೂರಾ ಅರವತ್ತೆರಡು

ಯಾವ ಕೋಣೆಗೆ ಹೋದರೂ ವಾಮನರಾಯರು ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ಎಡದಿಂದ ಬಲಕ್ಕೆ ನಿಧಾನವಾಗಿ ಕತ್ತು ತಿರುಗಿಸಿ, ಯಾರು ಎಲ್ಲಿದ್ದಾರೆ, ಎಲ್ಲಿ ಜಾಗ ಖಾಲಿಯಿದೆ ಎಂದು ನೋಡಿಕೊಂಡೇ ಒಳಗೆ ಕಾಲಿಡುತ್ತಿದ್ದುದು. ನ್ಯೂಯಾರ್ಕಿನ ಫ್ಲಶಿಂಗಿನಲ್ಲಿರುವ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ಭಾನುವಾರದ ನೂಕುನುಗ್ಗಲಿನಲ್ಲೂ ಹಾಗೇ. ಹಿಂದಿನಿಂದ ದೋಸೆಯ ತಟ್ಟೆ ಹಿಡಿದು ಬಂದವರು ಅವರ ಬೆನ್ನಿಗೆ ಡಿಕ್ಕಿ ಹೊಡೆದು ಗೊಣಗುತ್ತಿದ್ದರು. ಅದು ಬ್ಯಾಟ್ಸ್‌ಮನ್ ಫೀಲ್ಡರುಗಳನ್ನು ಎಣಿಸುವ ಅಭ್ಯಾಸ ಎಂದು ನನಗೆ ಗೊತ್ತಾದದ್ದು ತಡವಾಗಿ.

ಎರಡು ಸಾವಿರದ ಇಸವಿಗೆ ಮುಂಚೆ ಕಂಪ್ಯೂಟರುಗಳ ದಿನಾಂಕ ತಿದ್ದುವ ವೈಟುಕೆ ಕೆಲಸಕ್ಕೆಂದು ನಾನು ತುಮಕೂರಿನಿಂದ ಬಂದು, ಹಿಕ್ಸ್‌ವಿಲ್ಲಿನಲ್ಲಿ ಅವರ ಮನೆಯ ಬೇಸ್‌ಮೆಂಟನ್ನು ಬಾಡಿಗೆಗೆ ಹಿಡಿದಿದ್ದೆ. ಬೆಳಿಗ್ಗೆ ರೈಲು ಹತ್ತಿ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುತ್ತಿದ್ದೆ. ರಾಯರು ಧಾರವಾಡದವರು. ಸ್ಟೇಷನ್ ಪಕ್ಕದ ಒಂದು ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ ಮ್ಯಾನೇಜರಾಗಿದ್ದರು. ಅವರ ಹೆಂಡತಿ ಶಾಂತಾ ಆಂಟಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಮಕ್ಕಳಿರಲಿಲ್ಲ. ಮನೆ ತುಂಬ ಅಚ್ಚುಕಟ್ಟು, ತುಂಬ ನಿಶ್ಶಬ್ದ. ಗೋಡೆಯ ಮೇಲೆ ರಾಘವೇಂದ್ರಸ್ವಾಮಿಗಳ ಪಟ ಬಿಟ್ಟರೆ ಮತ್ತೊಂದು ಚಿತ್ರವಿರಲಿಲ್ಲ.

ಮೊದಲ ಬೇಸಿಗೆಯಲ್ಲಿ ನಾವು ನಾಲ್ಕಾರು ಹುಡುಗರು ಕ್ವೀನ್ಸಿನ ಒಂದು ಪಾರ್ಕಿನಲ್ಲಿ ಚಾಪೆ ಹಾಸಿ ಕ್ರಿಕೆಟ್ ಆಡಲು ಶುರುಮಾಡಿದೆವು. ಒಂದು ಶನಿವಾರ ನನ್ನ ಕಾರು ಕೆಟ್ಟಿತ್ತು. ರಾಯರು ತಮ್ಮ ಕಾರಿನಲ್ಲಿ ಕರೆತಂದು ಬಿಟ್ಟರು, ಬಿಟ್ಟವರು ಅಲ್ಲೇ ನಿಂತರು. ನಾನು ಎರಡನೇ ಚೆಂಡಿಗೇ ಔಟಾಗಿ ಬಂದಾಗ ನನ್ನ ಕೈಯಿಂದ ಬ್ಯಾಟು ಇಸಿದುಕೊಂಡು, ಹಿಡಿಕೆ ಒತ್ತಿ ನೋಡಿ ಹೇಳಿದರು: "ಹೊಡಿಯೋದು ಎಲ್ಲಾರಿಗೂ ಬರತದ ತಮ್ಮಾ. ಬಿಡೋದು ಕಲಿ."

ಪಂದ್ಯ ಮುಗಿದ ಮೇಲೆ ಅವರೇ ಪ್ಯಾಡು ಕಟ್ಟಿಕೊಂಡರು. ಅರವತ್ತರ ಹತ್ತಿರದ ಮನುಷ್ಯ, ಅಂಗಡಿಯ ನೀಲಿ ಅಂಗಿ, ಸಣ್ಣ ಹೊಟ್ಟೆ. ನಮ್ಮಲ್ಲಿ ಜೋರಾಗಿ ಎಸೆಯುವ ಇಬ್ಬರು ಅರ್ಧ ಗಂಟೆ ಎಸೆದರು. ಹೊರಗೆ ಹೋಗುವುದನ್ನು ರಾಯರು ಬಿಟ್ಟರು, ಸ್ಟಂಪಿಗೆ ಬಂದ ಒಂದು ಚೆಂಡೂ ಅವರನ್ನು ದಾಟಲಿಲ್ಲ. ಬ್ಯಾಟಿಗೆ ತಾಗಿದ ಸದ್ದು ಕೂಡ ಮೆತ್ತಗಿತ್ತು, ಹಲಗೆಗೆ ಬಟ್ಟೆ ಸುತ್ತಿದ ಹಾಗೆ.

ಆಮೇಲೆ ಪ್ರತಿ ಶನಿವಾರವೂ ಬಂದರು. ಕಾರಿನಲ್ಲಿ ಹೋಗುತ್ತ ಬರುತ್ತ ಒಂದೊಂದೇ ಹೇಳಿದರು. ಹರೆಯದಲ್ಲಿ ಅವರು ಇಂಗ್ಲೆಂಡಿನ ಒಂದು ಕೌಂಟಿಗೆ, ಅಂದರೆ ಜಿಲ್ಲಾ ತಂಡಕ್ಕೆ, ಸಂಬಳದ ಆಟಗಾರ. ಏಪ್ರಿಲಿನಿಂದ ಸೆಪ್ಟೆಂಬರು ಅಲ್ಲಿ, ಚಳಿಗಾಲ ಧಾರವಾಡದಲ್ಲಿ. ಹೀಗೆ ಒಂಬತ್ತು ಬೇಸಿಗೆ. ವಾರಕ್ಕೆ ಆರು ದಿನ ಆಟ. ಒಂದೂರಲ್ಲಿ ಸಂಜೆ ಮುಗಿಸಿ, ಇನ್ನೊಬ್ಬನ ಕಾರಿನಲ್ಲಿ ಮುದುಡಿ ಕೂತು ಇನ್ನೊಂದೂರು ಸೇರಿ, ಬೆಳಿಗ್ಗೆ ಮತ್ತೆ ಹೊಸ ಚೆಂಡಿನ ಎದುರು ನಿಲ್ಲುವುದು. ಏಪ್ರಿಲಿನ ಚಳಿಗೆ ಬೆರಳು ಮರಗಟ್ಟಿ ಬ್ಯಾಟು ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲವಂತೆ. ಬಾಡಿಗೆ ಮನೆಯ ಮುದುಕಿ ಬೇಯಿಸಿಕೊಟ್ಟ ಆಲೂಗಡ್ಡೆಗೆ ಶಾಂತಾ ಆಂಟಿ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ. "ನೀವು ಅದಕ್ಕ ಆಟ ಅಂತೀರಿ. ನಮಗ ಅದು ಕೂಲಿ," ಎನ್ನುತ್ತಿದ್ದರು. ಸೆಪ್ಟೆಂಬರಿನಲ್ಲಿ ಕಮಿಟಿಯ ಪತ್ರ ಬರುತ್ತಿತ್ತು. ರನ್ನು ಕಡಿಮೆಯಾದರೆ ಮುಂದಿನ ವರ್ಷ ಬರಬೇಡ ಎಂದು ಎರಡೇ ಸಾಲು. ಆ ಲಕೋಟೆಗೆ ಹೆದರಿದಷ್ಟು ಯಾವ ಬೌಲರನಿಗೂ ಹೆದರಿರಲಿಲ್ಲವಂತೆ.

ಇಷ್ಟೆಲ್ಲ ಹೇಳುವವರು ಹಿಕ್ಸ್‌ವಿಲ್ ಬಂದ ಕೂಡಲೇ ಸುಮ್ಮನಾಗುತ್ತಿದ್ದರು. ಮನೆಯಲ್ಲಿ ಕ್ರಿಕೆಟ್ಟಿನ ಸುದ್ದಿಯೇ ಇಲ್ಲ. ಟಿವಿಯಲ್ಲಿ ಆಟ ಬಂದರೆ ಆಂಟಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಇದನ್ನು ಗಮನಿಸಿಯೂ ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ಗಂಡ ಎಂಥ ಆಟಗಾರ ಎಂದು ಪಾಪ ಆಂಟಿಗೆ ಗೊತ್ತಿಲ್ಲ, ನಾನು ತಿಳಿಸಬೇಕು ಎಂದುಕೊಂಡೆ.

ಇಂಟರ್ನೆಟ್ ಆಗ ಹೊಸದು. ಕ್ರಿಕೆಟ್ ಹುಚ್ಚರು ಚರ್ಚೆ ಮಾಡುವ ಒಂದು ತಾಣದಲ್ಲಿ ರಾಯರ ಹೆಸರು ಹಾಕಿ, ಈ ಆಟಗಾರನನ್ನು ನೋಡಿದವರು ಯಾರಾದರೂ ಇದ್ದೀರಾ ಎಂದು ಕೇಳಿದೆ. ಹತ್ತು ದಿನಕ್ಕೆ ಆ ಕೌಂಟಿಯ ನಿವೃತ್ತ ಮೇಷ್ಟರೊಬ್ಬರು ಉತ್ತರ ಬರೆದರು. ಆತನ ಅತಿ ದೊಡ್ಡ ಇನ್ನಿಂಗ್ಸ್ ನೋಡಿದ ಭಾಗ್ಯ ನನ್ನದು ಎಂದು ಬರೆದು, ಅವತ್ತಿನ ಊರ ಪತ್ರಿಕೆಯ ವರದಿಯ ನಕಲನ್ನು ಅಂಚೆಯಲ್ಲಿ ಕಳಿಸಿಕೊಟ್ಟರು. ನೂರಾ ಅರವತ್ತೆರಡು ರನ್ನು. ಮೊದಲ ಸಾಲುಗಳನ್ನಷ್ಟೇ ಓದಿ, ಉಳಿದದ್ದನ್ನು ಅವರ ಮುಂದೆಯೇ ಓದೋಣವೆಂದು ಮಡಚಿಟ್ಟೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಮೇಲೆ ಕರೆದಿದ್ದರು. ಆಂಟಿ ಒಲೆಯ ಮೇಲೆ ಹೋಳಿಗೆ ಬೇಯಿಸುತ್ತಿದ್ದರು. ನಾನು ಕಾಗದ ತೆಗೆದು, ಅಂಕಲ್ ಬಗ್ಗೆ ಪೇಪರಿನಲ್ಲಿ ಬಂದದ್ದು ಓದುತ್ತೇನೆ ಎಂದೆ. ರಾಯರ ಮುಖ ಒಂದು ಕ್ಷಣ ಅರಳಿತು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿಕೊಂಡು, ಒಲೆಯ ಮುಂದಿದ್ದ ಆಂಟಿಗೂ ಕೇಳುವಂತೆ ಗಟ್ಟಿಯಾಗಿ ಓದತೊಡಗಿದೆ. ಕವರ್ ಡ್ರೈವುಗಳ ವರ್ಣನೆ ಮುಗಿದು ಮುಂದಿನ ಪ್ಯಾರಾಕ್ಕೆ ಬಂದಾಗ ರಾಯರು "ಸಾಕು, ಉಳಿದದ್ದು ಆಮ್ಯಾಲೆ ಓದು" ಎಂದರು. ಸಂಕೋಚ ಎಂದುಕೊಂಡೆ. ನಿಲ್ಲಿಸಲಿಲ್ಲ.

ಆ ಪ್ಯಾರಾದಲ್ಲಿ ಇದ್ದದ್ದು ಇಷ್ಟು. ಬುಧವಾರ ಊಟದ ವಿರಾಮದಲ್ಲಿ ಈ ಭಾರತೀಯ ಆಟಗಾರನಿಗೆ ತನ್ನ ಎಳೆಯ ಮಗುವಿಗೆ ತೀವ್ರ ಕಾಯಿಲೆ ಎಂಬ ತಂತಿ ಬಂತು. ಕ್ಯಾಪ್ಟನ್ ಕೂಡಲೇ ಹೊರಡಲು ಅನುಮತಿ ಕೊಟ್ಟರೂ ಆತ ತಂಡವನ್ನು ಬಿಟ್ಟು ಹೋಗಲಿಲ್ಲ. ನೂರು ದಾಟಿದಾಗ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಒಲೆ ಆರಿಸಿದ ಸದ್ದು ಕೇಳಿತು. ಆಂಟಿ ಬಂದು ಮೇಜಿನ ಪಕ್ಕ ನಿಂತರು.

"ಯಾವ ವಾರ ಅಂತ ಬರದಾರ?"

"ಬುಧವಾರ, ಆಂಟಿ."

ಅವರು ಗಂಡನ ಕಡೆ ನೋಡಲಿಲ್ಲ. "ಹಂಗಾದ್ರ ನಮ್ಮ ನಾಣಿ ಮಂಗಳವಾರನ ತಂತಿ ಕೊಟ್ಟಿದ್ದ," ಎಂದು ತಮಗೆ ತಾವೇ ಹೇಳಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ರಾಯರು ತಟ್ಟೆ ಸರಿಸಿದರು. ಏನಾಯಿತು ಎಂದು ಕೇಳಿದೆ. ಕೆಳಗೆ ಹೋಗು ಎಂದು ಕೈಸನ್ನೆ ಮಾಡಿದರು.

ಎರಡು ದಿನ ಬಿಟ್ಟು ಸಂಜೆ ಅವರೇ ಬೇಸ್‌ಮೆಂಟಿಗೆ ಇಳಿದು ಬಂದು ನನ್ನ ಹಾಸಿಗೆಯ ತುದಿಯಲ್ಲಿ ಕೂತು ಎಲ್ಲ ಹೇಳಿದರು. ಆ ಕೂಸು ಅವರ ಒಂದೇ ಮಗು. ಜ್ವರ ಮಿದುಳಿಗೆ ಏರಿ ಗುರುವಾರ ತೀರಿಕೊಂಡಿತು. ರಾಯರು ಪಂದ್ಯ ಮುಗಿಸಿ ಶನಿವಾರ ಹೊರಟು ಸೋಮವಾರ ಧಾರವಾಡ ಮುಟ್ಟಿದರು. ಹೆಂಡತಿ ಕೇಳಿದಾಗ, ತಂತಿ ತನ್ನ ಕೈಗೆ ಬಂದದ್ದೇ ಶುಕ್ರವಾರ ಎಂದುಬಿಟ್ಟರು. ತಂತಿ ಕೊಡಲು ಆಂಟಿ ಕಳಿಸಿದ್ದು ಹತ್ತೊಂಬತ್ತರ ತಮ್ಮ ನಾಣಿಯನ್ನು. ಅವನಿಗೆ ಇಸ್ಪೀಟಿನ ಚಟ. ಆಡುತ್ತ ಕೂತು ಮರೆತಿದ್ದಾನೆ ಎಂದೇ ಆಂಟಿ ತೀರ್ಮಾನಿಸಿದರು. ಮಂಗಳವಾರವೇ ಕೊಟ್ಟೆ ಎಂದು ಅವನು ದೇವರ ಮೇಲೆ ಆಣೆ ಮಾಡಿದರೂ ನಂಬಲಿಲ್ಲ. ಇಪ್ಪತ್ತಾರು ವರ್ಷ ತಮ್ಮನ ಜೊತೆ ಮಾತಾಡಲಿಲ್ಲ. ಎರಡು ವರ್ಷದ ಹಿಂದೆ ನಾಣಿ ಹೃದಯಾಘಾತದಿಂದ ಸತ್ತಾಗಲೂ ಊರಿಗೆ ಹೋಗಲಿಲ್ಲ.

ಯಾಕೆ ಅಂಕಲ್ ನಿಜ ಹೇಳಲಿಲ್ಲ ಎಂದೆ. ಮೊದಲನೇ ದಿನ ಹೇಳಲಿಲ್ಲ, ಎರಡನೇ ದಿನ ಹೇಳುವುದು ಇನ್ನೂ ಕಷ್ಟವಾಯಿತು ಎಂದರು. ಅಂಗೈ ನೋಡಿಕೊಳ್ಳುತ್ತ ಮುಂದುವರಿಸಿದರು.

"ಆ ವರ್ಷ ರನ್ ಆಗಿರಲಿಲ್ಲ. ಸೆಪ್ಟೆಂಬರಿಗೆ ಕೈ ಬಿಡತಾರ ಅಂತ ಗೊತ್ತಿತ್ತು. ಲಂಚಿಗೆ ನಾ ನಲವತ್ಮೂರು. ಇನ್ನೊಂದು ತಾಸು ಆಡಿ ಹೊಂಟರಾತು ಅಂದ್ಕೊಂಡೆ. ಅವತ್ತ ಹೊಂಟಿದ್ರೂ ಕೂಸು ಸಿಗತಿರಲಿಲ್ಲ. ಅದಲ್ಲ ಮಾತು. ಕಣ್ಣೀರು ಹಾಕ್ಕೋತ ಆಡಿದ್ರ ಎಂದಾರ ಒಂದಿನ ಆಕಿಗೆ ಹೇಳಬಹುದಾಗಿತ್ತು. ನಾ ಛೊಲೋ ಆಡಿದೆ ತಮ್ಮಾ. ಜನ್ಮದಾಗ ಅಷ್ಟು ಛೊಲೋ ಎಂದೂ ಆಡಿಲ್ಲ. ಚೆಂಡು ಬಿಟ್ಟರ ಮತ್ತೇನೂ ನೆನಪಿರಲಿಲ್ಲ."

ಆ ಇನ್ನಿಂಗ್ಸ್‌ನಿಂದ ಕರಾರು ಇನ್ನೂ ಮೂರು ವರ್ಷ ಮುಂದುವರಿಯಿತಂತೆ.

ತಿಂಗಳೊಳಗೆ ಶಾಂತಾ ಆಂಟಿ ಕೆಲಸ ಬಿಟ್ಟು ಧಾರವಾಡಕ್ಕೆ ಹೊರಟರು. ನಾಣಿಯ ಹೆಂಡತಿಯ ಮುಂದೆ ನಿಂತು ತಪ್ಪಾಯಿತು ಅನ್ನಬೇಕು, ಆಮೇಲಿನದು ಆಮೇಲೆ ಎಂದರು. ಏರ್‌ಪೋರ್ಟಿಗೆ ಸೂಟ್‌ಕೇಸು ಹೊತ್ತುಕೊಂಡು ನಾನೂ ಹೋಗಿದ್ದೆ. ಗಂಡನಿಗೆ ಬಿಪಿ ಮಾತ್ರೆ ಎಲ್ಲಿಟ್ಟಿದ್ದೇನೆ ಎಂದಷ್ಟೇ ಹೇಳಿದರು. ನಾನು ಕ್ಷಮೆ ಕೇಳಲು ಹೋದರೆ ತಲೆ ಮುಟ್ಟಿ, "ನೀ ಓದಿದ್ದು ಛೊಲೋ ಆತಪಾ. ಇಲ್ಲಾಂದ್ರ ತಮ್ಮನ ಮ್ಯಾಲಿನ ಸಿಟ್ಟು ಹೊತ್ಕೊಂಡ ಸಾಯತಿದ್ದೆ," ಎಂದರು.

ಅವರು ತಿರುಗಿ ಬರಲಿಲ್ಲ, ನಾಣಿಯ ಮನೆಯಲ್ಲೇ ಉಳಿದರು. ರಾಯರು ಮೈದಾನಕ್ಕೆ ಮತ್ತೆ ಕಾಲಿಡಲಿಲ್ಲ. ಭಾನುವಾರಗಳಂದು ಧಾರವಾಡಕ್ಕೆ ಫೋನು ಮಾಡುತ್ತಿದ್ದರು. ಊಟ ಆಯಿತೇ ಎಂದು ಆಂಟಿ ಕೇಳುತ್ತಿದ್ದರಂತೆ, ಇವರು ಆಯಿತು ಎನ್ನುತ್ತಿದ್ದರಂತೆ, ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಮರುವರ್ಷ ಕಂಪನಿಗಳು ಜನರನ್ನು ಲೇಆಫ್ ಮಾಡತೊಡಗಿದಾಗ ನನ್ನ ಕೆಲಸವೂ ಹೋಗಿ, ನ್ಯೂಜೆರ್ಸಿಯ ಹ್ಯಾರಿಸನ್ನಿನಲ್ಲಿ ಗೆಳೆಯನ ಕೋಣೆ ಸೇರಿ, ನ್ಯೂವಾರ್ಕಿನಲ್ಲಿ ಹೇಗೋ ಬೇರೆ ಕೆಲಸ ಹಿಡಿದೆ. ಒಂದು ಶನಿವಾರ ನೋಡಲು ಹೋದರೆ ರಾಯರು ಮನೆ ಮಾರಿ ಪೆಟ್ಟಿಗೆ ಕಟ್ಟುತ್ತಿದ್ದರು. ಆಂಟಿ ಕರೆದರೇ ಎಂದು ಕೇಳಿದೆ.

"ಕರೀಲಿಲ್ಲ. ಆದ್ರೂ ಹೊಂಟೀನಿ."

ಅದೇ ನಾನು ಅವರನ್ನು ನೋಡಿದ್ದು ಕೊನೆ. ಧಾರವಾಡದಲ್ಲಿ ನಾಣಿಯ ಹೆಂಡತಿಯೇ ಬಾಗಿಲು ತೆರೆದರಂತೆ. ಹೊರಗಿನ ಕೋಣೆಯಲ್ಲಿ ಅವರಿಗೊಂದು ಮಂಚ ಹಾಕಿಕೊಟ್ಟರು. ಅಲ್ಲಿ ಮೂರು ವರ್ಷ ಇದ್ದರು. ತೀರಿಕೊಂಡ ಸುದ್ದಿ ನನಗೆ ಹದಿನೈದು ದಿನ ತಡವಾಗಿ ಗೊತ್ತಾಗಿ ಫೋನು ಮಾಡಿದೆ. ಆಂಟಿಯೇ ಎತ್ತಿಕೊಂಡರು. ಅಂಕಲ್ ಕೊನೆಗೆ ಏನಾದರೂ ಹೇಳಿದರೇ ಎಂದು ಕೇಳಿದೆ.

ತೀರಿಕೊಳ್ಳುವ ಹಿಂದಿನ ದಿನ ಆಂಟಿಯನ್ನು ಹತ್ತಿರ ಕರೆದು, ಕೂಸಿನ ಹೆಸರು ಹಿಡಿದು, ಅದು ಹೇಗಿತ್ತು ಹೇಳು ಎಂದು ಕೇಳಿದರಂತೆ. ಅಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ.

ಆ ಹೆಸರನ್ನು ನಾನೂ ಆವರೆಗೆ ಕೇಳಿರಲಿಲ್ಲ. ಏನು ಹೆಸರು ಎಂದೆ.

"ಗುರುರಾಜ. ಗುರಣ್ಣಾ ಅಂತಿದ್ವಿ," ಎಂದರು ಆಂಟಿ. "ಇವರು ಏಪ್ರಿಲದಾಗ ಹೋದ ಮ್ಯಾಲೆ ಅದಕ್ಕ ಕೆಳಗ ಎರಡು ಹಲ್ಲು ಬಂದಿದ್ವು. ಇವರು ನೋಡಲಿಲ್ಲ. ಅದನ್ನ ಹೇಳಿದೆ."