ವೈರಸ್ಸನ್ನು ಹಿಡಿಯುವ ಪ್ರೋಟೀನು

ಸೊರಬದಿಂದ ಶಿಕಾರಿಪುರದ ನಮ್ಮ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಜೀವಶಾಸ್ತ್ರದ ಮೇಡಂ ಯೋಚಿಸುವಾಗ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. “ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ರಿ” ಎಂದು ಆಗಾಗ ನಮಗೆ ಹೇಳುತ್ತಿದ್ದರು.

ಒಂದು ದಿನ ಕಂಪ್ಯೂಟರಿನಲ್ಲಿ ರೂಪಿಸಿದ ಪ್ರೋಟೀನೊಂದರ ಚಿತ್ರ ತೋರಿಸಿ, ಕೊರೊನಾ ವೈರಸ್ಸು ಶ್ವಾಸಕೋಶದ ಜೀವಕೋಶಕ್ಕೆ ಅಂಟುವ ಮೊದಲೇ ಇದು ಅದನ್ನು ಹಿಡಿದುಕೊಳ್ಳಬಲ್ಲದು ಎಂದರು.

ಕೊರೊನಾದಲ್ಲಿ ತಾಯಿಯನ್ನು ಕಳೆದುಕೊಂಡಿದ್ದ ನನ್ನ ಗೆಳತಿ ಎದ್ದು ನಿಂತಳು. “ಆಗ ಇದು ಇದ್ದಿದ್ರೆ ನಮ್ಮವ್ವ ಉಳೀತಿದ್ಲಾ ಮೇಡಂ?”

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಗೊತ್ತಿಲ್ಲಮ್ಮ. ಇನ್ನೂ ಇಲಿಗಳ ಮೇಲೆ ಪರೀಕ್ಷೆ ಮಾಡ್ತಿದಾರೆ” ಎಂದು, ಬಂದು ಅವಳ ಬೆಂಚಿನಲ್ಲೇ ಕುಳಿತರು.

ಗೆಳತಿ ಕಣ್ಣೊರೆಸಿಕೊಂಡಳು. “ಅದು ಹೆಂಗೆ ಹಿಡ್ಕಂತದೆ, ಇನ್ನೊಂದ್ಸಲ ಹೇಳ್ರಿ” ಎಂದಳು. ಮೇಡಂ ಅವಳ ಮುಷ್ಟಿಯನ್ನು ತಮ್ಮ ಅಂಗೈಯೊಳಗೆ ಹಿಡಿದು, ನಿಧಾನವಾಗಿ ಮೊದಲಿನಿಂದ ವಿವರಿಸತೊಡಗಿದರು.