ಮೂವತ್ತೈದಕ್ಕೆ ಪಾಸು

ನನಗೆ ಹಾರ್ಟ್ ಅಟ್ಯಾಕ್ ಆದದ್ದು ಸಮುದ್ರದಂಡೆಯಲ್ಲಿ, ಹೆಗಲ ಮೇಲೆ ಲುಂಗಿಯ ಗಂಟು ಹೊತ್ತುಕೊಂಡು ಮಾರುತ್ತಿದ್ದಾಗ. ತೊಂಬತ್ತರ ದಶಕದ ಮಾತು. ಗೋವೆಗೆ ಬಂದು ಹನ್ನೆರಡು ವರ್ಷ ಅದೇ ಎಡ ಹೆಗಲ ಮೇಲೆ ಹೊತ್ತವಳು ನಾನು. ಹೆಗಲು ನೋಯತೊಡಗಿದಾಗ ಗಂಟಿನ ನೋವೆಂದುಕೊಂಡು ಅದನ್ನು ಬಲಕ್ಕೆ ಬದಲಿಸಿ ಇನ್ನಿಬ್ಬರು ಗಿರಾಕಿಗಳ ಬೆನ್ನು ಹತ್ತಿದೆ. ಮೂರನೆಯವರ ಹತ್ತಿರ ಹೋಗುವಷ್ಟರಲ್ಲಿ ಉಸುಕಿನಲ್ಲಿ ಕುಸಿದು ಕುಳಿತಿದ್ದೆ. ಜೊತೆಗಿದ್ದ ಸೊಸೆ ಟ್ಯಾಕ್ಸಿಯವನ ಜೊತೆ ಜಗಳಾಡಿ ಆಸ್ಪತ್ರೆಗೆ ಮುಟ್ಟಿಸಿದಳು.

ಎಂಟು ದಿನ ಮಲಗಿಸಿಕೊಂಡರು. ಮನೆಗೆ ಕಳಿಸುವ ಮೊದಲು ಎಕೋ ಎಂಬ ಪರೀಕ್ಷೆ ಮಾಡಿದರು. ಎದೆಗೆ ತಣ್ಣಗಿನ ಲೋಳೆಯಂಥದ್ದು ಹಚ್ಚಿ, ಅದರ ಮೇಲೆ ಏನನ್ನೋ ಒತ್ತಿ ಆಡಿಸುತ್ತ ಪಕ್ಕದ ಟೀವಿ ನೋಡಿದರು. ನಾನೂ ನೋಡಿದೆ. ಬೂದಿ ಬಣ್ಣದ್ದೇನೋ ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚುತ್ತಿತ್ತು. ಅದು ನನ್ನದೆಂದು ನನಗೇನೂ ಅನಿಸಲಿಲ್ಲ.

ಡಾಕ್ಟರ್ ಬಾಯಿ ಎಂದು ಎಲ್ಲರೂ ಕರೆಯುವ ಲೇಡಿ ಡಾಕ್ಟರು ಕೊಂಕಣಿಯಲ್ಲಿ ಮಗನಿಗೆ ಹೇಳಿದರು, ಅವನು ನನಗೆ ಹೇಳಿದ.

"ಅವ್ವಾ, ನಿನ್ನ ಎದಿ ಪಂಪಿಂಗ್ ಮೂವತ್ತೈದು ಪರ್ಸೆಂಟ್ ಐತಂತ."

"ಹಂಗಂದ್ರ?"

"ಅಷ್ಟ ಹೇಳ್ಯಾರ. ಗುಳಿಗಿ ತಪ್ಪಿಸಬ್ಯಾಡ, ಗಂಟು ಹೊರಬ್ಯಾಡ ಅಂದ್ರು."

ಅವನಿಗೆ ಬಂದರಿನಲ್ಲಿ ಪಾಳಿ ಇತ್ತು, ಹೋದ. ಮನೆಯಲ್ಲಿ ಹತ್ತನೇ ಇಯತ್ತೆ ಕಂಡವಳು ಸೊಸೆ ಒಬ್ಬಳೇ. ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ಅವಳ ಮುಂದೆ ಇಟ್ಟೆ.

"ಅತ್ತಿ, ಮೂವತ್ತೈದಕ್ಕ ಪಾಸ್ ಮಾಡ್ತಾರ್ರಿ," ಅಂದಳು. "ನಾನು ಗಣಿತದಾಗ ಮೂವತ್ತೊಂದು ತಗೊಂಡು ನಪಾಸಾದಾಕಿ."

"ಹಂಗಾರ ನನ್ನ ಎದಿ ನಿನಗಿಂತ ಶಾಣ್ಯಾ ಐತಿ."

"ಹೌದ್ರಿ. ಆದ್ರ ಬರೇ ಪಾಸ್ ಆಗೇತ್ರಿ, ಭಾಳ ಜಂಬ ಮಾಡಬ್ಯಾಡ್ರಿ."

ಪಾಸಾದ ಮೇಲೆ ಮನೆಯಲ್ಲಿ ಕೂರುವುದೇಕೆ? ಫಾರಿನ್ನಿನವರು ಬರುವ ಸೀಸನ್ನು. ಮಳೆಗಾಲದಲ್ಲಿ ಕೂರುವುದು ಇದ್ದೇ ಇತ್ತು. ಎರಡು ವಾರ ಬಿಟ್ಟು ಅರ್ಧ ಗಂಟು ಹೊತ್ತು ದಂಡೆಗೆ ಹೋದೆ.

ಗುಳಿಗೆಗಳಲ್ಲಿ ಒಂದನ್ನು ನಾನೇ ಬಿಟ್ಟೆ. ಇದು ಯಾವುದಕ್ಕೆಂದು ಔಷಧ ಅಂಗಡಿಯವನನ್ನು ಕೇಳಿದ್ದೆ, ಬಿಪಿಯದು ಅಂದಿದ್ದ. ನನ್ನ ಬಿಪಿ ಕಡಿಮೆಯೇ ಇದೆ ಎಂದು ಆಸ್ಪತ್ರೆಯಲ್ಲಿ ನನ್ನ ಕಿವಿಯಾರೆ ಕೇಳಿದ್ದೆ. ಇಲ್ಲದ ರೋಗಕ್ಕೆ ಗುಳಿಗೆ ನುಂಗುವಷ್ಟು ದಡ್ಡಿ ನಾನಲ್ಲ ಅಂದುಕೊಂಡೆ.

ತಿಂಗಳಾಗುವಷ್ಟರಲ್ಲಿ ಕಾಲು ಊದಿದವು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೆನ್ನಿಗೆ ಮಾರುವ ಲುಂಗಿಗಳನ್ನೇ ಒಟ್ಟಿಕೊಂಡು ಒರಗುತ್ತಿದ್ದೆ. ಸೊಸೆ ನೋಡಿದಳು, ಮತ್ತೆ ಆಸ್ಪತ್ರೆಗೆ ಎಳೆದೊಯ್ದಳು. ಈ ಸಲ ನಾನೇ ನನ್ನ ಸಂತೆಯ ಕೊಂಕಣಿಯಲ್ಲಿ ಡಾಕ್ಟರ್ ಬಾಯಿಯ ಹತ್ತಿರ ಕೇಳಿದೆ: ಪಾಸಾದ ಎದೆ ಹೀಗೇಕೆ ಮಾಡುತ್ತದೆ?

ಅವರು ಮುಷ್ಟಿ ಹಿಡಿದು, ಬಿಟ್ಟು, ಹಿಡಿದು ತೋರಿಸಿದರು. ಎದೆ ಒಮ್ಮೆ ಹಿಂಡಿದಾಗ ತನ್ನೊಳಗಿನ ರಕ್ತವನ್ನೆಲ್ಲ ಹೊರಗೆ ಹಾಕುವುದಿಲ್ಲವಂತೆ. ನೂರರಲ್ಲಿ ಎಷ್ಟು ಹಾಕುತ್ತದೋ ಅದೇ ಆ ಪರ್ಸೆಂಟು; ಯಾರದೂ ನೂರು ಇರುವುದಿಲ್ಲ. ಚಲೋ ಎದೆಯದು ಅರವತ್ತರ ಆಸುಪಾಸು.

ಇದು ನನಗೆ ತಿಳಿಯಿತು. ನಾವು ಲುಂಗಿಗೆ ನೂರು ಹೇಳಿ ಅರವತ್ತಕ್ಕೆ ಕೊಡುವುದಿಲ್ಲವೇ, ಹಾಗೆ. ಹಾಗಾದರೆ ನನ್ನದು ಅರವತ್ತರಲ್ಲಿ ಮೂವತ್ತೈದು, ಅರ್ಧಕ್ಕಿಂತ ಜಾಸ್ತಿಯೇ ಆಯಿತಲ್ಲ ಅಂದೆ. ಹಾಗೆ ಲೆಕ್ಕ ಹಾಕಬಾರದು ಅಂದರು. ಮತ್ತೆ ಹೇಗೆ ಹಾಕಬೇಕೆಂದೂ ಹೇಳಿದರು. ಅದು ಮಾತ್ರ ತಲೆಗೆ ಹೋಗಲಿಲ್ಲ.

ಬಿಟ್ಟ ಗುಳಿಗೆಯ ಸುದ್ದಿ ಬಂದಾಗ ಬೈದರು. ಅದು ಬಿಪಿಯವರಿಗೂ ಕೊಡುವ ಗುಳಿಗೆ ಖರೇ, ಆದರೆ ನನಗೆ ಕೊಟ್ಟದ್ದು ಎದೆಯ ಮೇಲಿನ ಭಾರ ಇಳಿಸಲಿಕ್ಕೆ. ಭಾರ ಇಳಿಯುವುದಾದರೆ ಗಂಟು ಹೊರಬಹುದಲ್ಲ ಅಂದೆ. ಅವರು ಸೊಸೆಯ ಮುಖ ನೋಡಿದರು. ಕಡೆಗೆ ಬಿಡಿಸಿ ಹೇಳಿದರು: ಗುಳಿಗೆ ಎಲ್ಲವೂ ಬೇಕು, ಉಪ್ಪು ಕಡಿಮೆ ಬೇಕು, ಊತ ಇಳಿದ ಮೇಲೆ ನಿಧಾನಕ್ಕೆ ನಡೆಯಬಹುದು, ಗಂಟು ಮುಟ್ಟಬಾರದು.

ಆಮೇಲೆ ಗಂಟು ಸೊಸೆಯ ಹೆಗಲಿಗೆ ಹೋಯಿತು, ಮಾತು ನನಗೆ ಉಳಿಯಿತು. ಅವಳಿಗೆ ಚೌಕಾಶಿ ಬರುತ್ತಿರಲಿಲ್ಲ, ಗಿರಾಕಿ ಕೇಳಿದ್ದಕ್ಕೇ ಕೊಡುತ್ತಿದ್ದಳು. ನಾನು ಬೆಲೆ ಹೇಳುವಾಗ ನಡುವೆ ದಮ್ಮು ಹತ್ತಿ ಮಾತು ನಿಲ್ಲುತ್ತಿತ್ತು. ಮುದುಕಿ ಸಿಟ್ಟಾದಳೆಂದು ತಿಳಿದು ಫಾರಿನ್ನಿನವರು ತಾವೇ ಇನ್ನಷ್ಟು ಏರಿಸುತ್ತಿದ್ದರು.

"ಅತ್ತಿ, ಖರೇನ ದಮ್ಮ ಹತ್ತೈತೋ, ನಾಟಕ ಮಾಡಾಕತ್ತೀರೋ?" ಅಂದಳು ಒಂದು ದಿನ.

"ನನಗೂ ತಿಳಿವಲ್ದು. ನೀ ಲುಂಗಿ ಮಡಚು."

ಮುಂದಿನ ಸೀಸನ್ ಶುರುವಾಗುವ ಮೊದಲು ಮತ್ತೆ ಎಕೋ ಮಾಡಿದರು. ನಲವತ್ತೆರಡು ಬಂತು. ಡಾಕ್ಟರ್ ಬಾಯಿಗೆ ಸಂತೋಷವಾಯಿತು. ನನಗೆ ಏನು ಏರಿತೆಂದು ತಿಳಿಯಲಿಲ್ಲ, ಏರು ಹತ್ತಿದರೆ ಈಗಲೂ ನಿಲ್ಲಬೇಕು. ಗುಳಿಗೆಯಿಂದ ಏರಿತೋ, ಗಂಟು ಬಿಟ್ಟದ್ದರಿಂದಲೋ ಎಂದು ಕೇಳಿದೆ. ಎರಡರಿಂದಲೂ ಇರಬಹುದು ಅಂದರು. ಡಾಕ್ಟರಿಗೇ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗಬೇಕು? ಇನ್ನಾದರೂ ಗಂಟು ಹೊರಲೇ ಅಂದೆ. ಸಣ್ಣದಾದರೆ ಹೊರು ಅಂದರು. ಸಣ್ಣದೆಂದರೆ ಎಷ್ಟು ಎಂದಿದ್ದಕ್ಕೆ ತಮ್ಮ ಕೈಚೀಲ ಎತ್ತಿ ತೋರಿಸಿದರು.

ಮನೆಗೆ ಬಂದು ಗಂಟು ಕಟ್ಟಲು ಕುಳಿತೆ. ಆ ಕೈಚೀಲದಲ್ಲಿ ನಾಲ್ಕು ಲುಂಗಿ ಹಿಡಿಯುತ್ತವೆ ಎಂದಳು ಸೊಸೆ, ಐದು ಅಂದೆ ನಾನು. ಐದನೆಯದನ್ನು ಅವಳು ತೆಗೆದಳು. ಅವಳು ಒಲೆಯ ಕಡೆ ತಿರುಗಿದಾಗ ನಾನು ಮತ್ತೆ ಇಟ್ಟೆ.