ಕನ್ಸರ್ವೆನ್ಸಿಗೆ ಕಾಲಿಡದ ಅತ್ತೆ

ನಮ್ಮ ಬೀದಿಯ ಹೊಸ ಫುಟ್‌ಪಾತನ್ನು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಫುಟ್‌ಪಾತಿನದೇನೂ ತಪ್ಪಿಲ್ಲ, ಚೆನ್ನಾಗಿಯೇ ಇದೆ. ಚರಂಡಿ ಮುಚ್ಚಿದ್ದಾರೆ, ಮೇಲೆ ಟೈಲ್ಸ್ ಹಾಸಿದ್ದಾರೆ, ಮಳೆ ಬಂದರೆ ನೀರು ಸರಾಗವಾಗಿ ಹರಿದುಹೋಗುತ್ತದೆ. ಕೃಷ್ಣಮೂರ್ತಿಪುರಂಗೆ ಬರುವ ನೆಂಟರು ಗೇಟಿನಲ್ಲಿ ನಿಂತು, "ಈಗ ನೋಡಿ ಬೀದಿಗೊಂದು ಲಕ್ಷಣ ಬಂತು" ಎನ್ನುತ್ತಾರೆ. ನಾನು ಹೂಂಗುಟ್ಟಿ, ಕಾಫಿ ತರುವ ನೆವದಲ್ಲಿ ಒಳಗೆ ಹೋಗಿಬಿಡುತ್ತೇನೆ.

ಕಾಮಗಾರಿ ಮಂಜೂರಾಗಿದೆ ಎಂಬ ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವರು ನಮ್ಮತ್ತೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮುಂದಿನ ತೆರೆದ ಚರಂಡಿಯನ್ನು ಬೈದುಕೊಂಡೇ ಬಾಳಿದವರು ಅವರು. ಒಂದು ಚಪ್ಪಡಿ ಇದ್ದರೆ ಇನ್ನೊಂದಿಲ್ಲ, ಇದ್ದ ಚಪ್ಪಡಿಯೂ ಕಾಲಿಟ್ಟರೆ ಅಲ್ಲಾಡುತ್ತಿತ್ತು. "ಇನ್ಮೇಲೆ ನೆಲ ನೋಡ್ಕಂಡು ನಡೆಯೋ ಪಾಡಿಲ್ಲ ಕಣವ್ವ, ಮಖ ಎತ್ಕಂಡು ನಡೀಬೋದು" ಎಂದು ನನ್ನ ಹತ್ತಿರ ಹೇಳಿಕೊಂಡರು.

ಅತ್ತೆ ನಡೆಯುತ್ತಿದ್ದುದು ಒಂದೇ ಕಡೆಗೆ, ತಂಗಿಯ ಮನೆಗೆ. ಅಕ್ಕತಂಗಿಯರು ತಿ. ನರಸೀಪುರದ ಕಡೆಯ ಹಳ್ಳಿಯವರು, ಬೇಸಾಯದ ಮನೆಯ ಹೆಣ್ಣುಮಕ್ಕಳು. ಅತ್ತೆ ಮೊದಲು ಮದುವೆಯಾಗಿ ಈ ಬೀದಿಗೆ ಬಂದರು. ಬಂದವರು ಸುಮ್ಮನಿರದೆ ಇದೇ ಬೀದಿಯಲ್ಲಿ ಗಂಡು ಹುಡುಕಿ ತಂಗಿಯನ್ನೂ ತಂದುಕೊಂಡರು. ಅವರನ್ನು ನಾವು ಚಿಕ್ಕತ್ತೆ ಅನ್ನುತ್ತಿದ್ದೆವು. ಬೀದಿ ಮಧ್ಯದಲ್ಲಿ ಮೊಣಕೈ ಮಡಚಿದ ಹಾಗೆ ತಿರುಗುತ್ತದೆ. ನಮ್ಮ ಮನೆ ತಿರುವಿನ ಈಚೆ, ಚಿಕ್ಕತ್ತೆಯದು ತಿರುವಿನ ಆಚೆ. ಸಂಜೆ ದೀಪ ಹಚ್ಚಿ, ಎಲೆ ಅಡಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ಹೊರಟರೆ, ದಾರಿಯಲ್ಲಿ ಕಂಡ ಗೇಟಿಗೆಲ್ಲ ನಿಂತು ಮಾತಾಡಿಕೊಂಡು ಹೋಗಿ, ತಂಗಿಯ ಜೊತೆ ಧಾರಾವಾಹಿ ನೋಡಿ, ಊಟದ ಹೊತ್ತಿಗೆ ವಾಪಸಾಗುತ್ತಿದ್ದರು. ಆ ಹೊತ್ತು ಮನೆಯಲ್ಲಿ ನನ್ನದೇ ರಾಜ್ಯ. ಸುಳ್ಳು ಯಾಕೆ ಹೇಳಲಿ, ಆ ತಂಗಿ ಅಷ್ಟು ಹತ್ತಿರ ಇದ್ದದ್ದು ನನ್ನ ಪುಣ್ಯ ಎಂದುಕೊಂಡಿದ್ದೆ.

ದಸರಾ ಮುಗಿದ ಮೇಲೆ ಜೆಸಿಬಿ ಬಂತು. ಒಂದೇ ಬೆಳಗ್ಗೆ ಚಪ್ಪಡಿಗಳೆಲ್ಲ ಎದ್ದವು, ಮನೆಮನೆಯ ಮೆಟ್ಟಿಲು ಒಡೆದುಹೋದವು. ಗೇಟಿನ ಮುಂದೆ ಆಳೆತ್ತರದ ಗುಂಡಿ, ಅದರಾಚೆ ಮಣ್ಣಿನ ಗುಡ್ಡೆ, ಜಲ್ಲಿ, ಕಬ್ಬಿಣದ ಸರಳು. ಹರೆಯದವರು ಹಲಗೆ ಹಾಕಿಕೊಂಡು ದಾಟುತ್ತಿದ್ದರು. ಮಿಕ್ಕವರೆಲ್ಲ ಹಿತ್ತಲ ಬಾಗಿಲು ತೆರೆದು ಕನ್ಸರ್ವೆನ್ಸಿ ಹಿಡಿದೆವು.

ಮೈಸೂರಿನ ಹಳೇ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಈ ಕಿರುಗಲ್ಲಿ ಇರುತ್ತದೆ. ಒಂದು ಕಾಲದಲ್ಲಿ ಮನೆಮನೆಯ ಕಕ್ಕಸು ಬಳಿದು, ತಲೆಯ ಮೇಲೆ ಹೊತ್ತುಕೊಂಡು ಹೋಗುವವರು ಓಡಾಡಲೆಂದೇ ಬಿಟ್ಟ ಜಾಗ. ಆ ಪದ್ಧತಿ ನಿಂತು ಎಷ್ಟೋ ಕಾಲವಾಯಿತು. ಈಗ ಅಲ್ಲಿ ಸ್ಕೂಟರು ನಿಲ್ಲಿಸುತ್ತಾರೆ, ಕರಿಬೇವಿನ ಗಿಡ ಹಾಕಿದ್ದಾರೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ಅತ್ತೆಗೆ ಮಾತ್ರ ಅದು ಅಂದಿನ ಗಲ್ಲಿಯೇ. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಅತ್ತೆ, ಆ ಕಡೆ ಕಾಲಿಡಬೇಡ ಎಂದಿದ್ದರಂತೆ. ಇಡಲಿಲ್ಲ. ಮನುಷ್ಯರಿಂದ ಅಂಥ ಕೆಲಸ ಮಾಡಿಸಿದ್ದಕ್ಕೆ ನಾಚಿಕೊಳ್ಳಬೇಕಾದವರು ಮನೆಯೊಳಗಿದ್ದ ನಾವು. ಅದನ್ನು ಬಿಟ್ಟು ಅತ್ತೆ ಆ ಗಲ್ಲಿಯನ್ನೇ ಹೇಸಿಕೊಂಡು ಕೂತರು. ಈ ಮಾತು ಹೇಳಿ ನಾನು ಅವರ ಹತ್ತಿರ ಬೇಕಾದಷ್ಟು ವಾದ ಮಾಡಿದ್ದೇನೆ. "ನೀನು ಓದ್ದೋಳು, ನಿಂಗೆಲ್ಲಾ ಒಂದೇಯಾ" ಎಂದು ತಳ್ಳಿಹಾಕುತ್ತಿದ್ದರು.

ನಮ್ಮ ಮನೆಯವರೂ ಗೋಗರೆದರು. "ಸ್ಕೂಟರ್‌ನಲ್ಲಿ ಕೂರುಸ್ಕೊಂಡು ಹೋಗ್ತೀನಿ ಬಾಮ್ಮ, ಕಾಲು ನೆಲಾನೇ ಮುಟ್ಟಲ್ಲ."

"ಆ ಗಲ್ಲೀಲಿ ಹೋಗ್ಬುಟ್ಟು ದೇವ್ರ ಮನೆ ಒಳಕ್ಕೆ ಎಂಗ್ಲಾ ಕಾಲಿಡ್ಲಿ? ಬುಡು, ಸಂಕ್ರಾಂತಿಗೆ ರೋಡ್ ಆಯ್ತದಂತೆ. ಹೊಸಾ ರೋಡಲ್ಲೇ ಓಯ್ತೀನಿ."

ಸಂಕ್ರಾಂತಿ ಎಂದು ಹೇಳಿದ್ದು ಎಂಜಿನಿಯರು. ಪಾಪ, ಸಭ್ಯ ಹುಡುಗ. ಅತ್ತೆ ಗೇಟಿನೊಳಗಿಂದ ಕೂಗಿ ಕೇಳಿದಾಗಲೆಲ್ಲ, "ಇನ್ನೇನು ಆಗೋಯ್ತು ಅಜ್ಜಿ" ಎನ್ನುತ್ತಿದ್ದ. ಒಮ್ಮೆ ಕುಡಿಯುವ ನೀರಿನ ಹಳೇ ಪೈಪು ಒಡೆಯಿತು, ಒಮ್ಮೆ ಆಳುಗಳು ಊರಿಗೆ ಹೋದರು, ಒಮ್ಮೆ ಜಲ್ಲಿ ಬರಲಿಲ್ಲ. ಅಕ್ಕತಂಗಿಯರ ಮಾತು ಫೋನಿಗೆ ಬಂತು. ಇಬ್ಬರಿಗೂ ಕಿವಿ ಅಷ್ಟಕ್ಕಷ್ಟೆ. ಅವರು ಕಿರುಚಾಡುವುದು ಅಕ್ಕಪಕ್ಕದವರಿಗೆಲ್ಲ ಕೇಳುತ್ತಿತ್ತು.

ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಚಿಕ್ಕತ್ತೆ. ಕೈಯಲ್ಲಿ ಹಿಸುಕಿದ ಬೇಳೆಯ ಡಬ್ಬಿ, ಮುಖದ ತುಂಬ ನಗು.

"ಯಾವ್ ದಾರೀಲಿ ಬಂದ್ಯಮ್ಮಿ?" ಎಂದರು ಅತ್ತೆ.

"ಎಲ್ಲಾರೂ ಬರೋ ದಾರೀಲಿ. ನಂಗೇನು ರೆಕ್ಕೆ ಅದಾ?"

ಅತ್ತೆ ನಗಲಿಲ್ಲ. ತಂಗಿಯನ್ನು ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿ ಕಾಲಿಗೆ ಎರಡು ಬಿಂದಿಗೆ ನೀರು ಸುರಿದರು. ಅಷ್ಟಾದರೂ ಒಳಗೆ ಕರೆಯಲಿಲ್ಲ. ಹಿತ್ತಲಲ್ಲೇ ಸ್ಟೂಲ್ ಹಾಕಿಸಿ, ಅಲ್ಲಿಗೇ ಕಾಫಿ ತರಿಸಿ, ತಾವು ಹೊಸ್ತಿಲ ಒಳಗೆ ಕೂತು ಮಾತಾಡಿದರು. ಚಿಕ್ಕತ್ತೆ ತಮಾಷೆ ಮಾಡುತ್ತಲೇ ಇದ್ದರು. ಹೊರಡುವಾಗ ಗಲ್ಲಿಯ ತನಕ ಕಳಿಸಲು ಹೋದ ನನ್ನ ಕೈ ಹಿಡಿದುಕೊಂಡು, "ನಡುಮನೇಗೆ ಕರೀಲಿಲ್ಲ ನೋಡವ್ವ ನಮ್ಮಕ್ಕ" ಎಂದರು. ಆಗ ನಗುತ್ತಿರಲಿಲ್ಲ. ಆಮೇಲೆ ಅವರು ಬರಲಿಲ್ಲ. ಫೋನಿನಲ್ಲಿ ಕೇಳಿದರೆ, "ರೋಡ್ ಆಗ್ಲಿ ಬುಡು, ಮುಂಬಾಗ್ಲಿಂದ್ಲೇ ಬತ್ತೀನಿ" ಎನ್ನುತ್ತಿದ್ದರಂತೆ.

ಶಿವರಾತ್ರಿ ಕಳೆದ ಮೇಲೆ ಚಿಕ್ಕತ್ತೆಗೆ ಉಸಿರು ಕಟ್ಟಲು ಶುರುವಾಯಿತು. ಆಸ್ಪತ್ರೆಯಲ್ಲಿ ಒಂದಷ್ಟು ದಿನ ಇಟ್ಟುಕೊಂಡು, ಹೃದಯ ಸೋತಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಂಡರು. ಅತ್ತೆ ದಿನವೂ ಮೆಣಸಿನ ಸಾರೋ, ಮೆತ್ತಗಿನ ಅನ್ನವೋ ತಾವೇ ಮಾಡಿ ನನ್ನ ಕೈಲಿ ಕೊಟ್ಟು ಕಳಿಸುತ್ತಿದ್ದರು. ನಾನು ಹೋಗುತ್ತಿದ್ದುದು ಕನ್ಸರ್ವೆನ್ಸಿಯಲ್ಲೇ.

"ಸಾರು ಆ ಗಲ್ಲೀಲಿ ಹೋಗ್ಬಹುದು, ನೀವು ಹೋಗ್ಬಾರದಾ ಅತ್ತೆ?" ಎಂದು ಒಂದು ದಿನ ತಡೆಯಲಾರದೆ ಕೇಳಿದೆ.

"ಸಾರಿನ ಡಬ್ಬಕ್ಕೆ ಮುಚ್ಚಳ ಅದೆ."

ಆ ಮಾತಿಗೆ ನನಗೆ ನಗು ಬಂದುಬಿಟ್ಟಿತು. ಅವರೂ ನಕ್ಕರು. ಅಲ್ಲಿಗೆ ವಿಷಯ ಮುಗಿಯಿತು. ಇಂದು ನೆನೆದರೆ ಆ ನಗುವಿನ ಮೇಲೇ ನನಗೆ ಸಿಟ್ಟು.

ಮಲಗಿದ್ದಲ್ಲಿಂದ ಚಿಕ್ಕತ್ತೆ ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ. "ರೋಡು ಎಲ್ಲಿಗಂಟ ಬಂತವ್ವ?"

ನಮ್ಮ ಗೇಟಿನ ತನಕ ಕಾಂಕ್ರೀಟು ಬಂತು ಎಂದು ಒಂದು ದಿನ ಹೇಳಿದೆ. ಹಾಲಿನ ಅಂಗಡಿಯ ತನಕ ಎಂದು ಇನ್ನೊಂದು ದಿನ, ಅದರಾಚೆ ಅವರ ಗೇಟಿನ ತನಕ ಇನ್ನೂ ಗುಂಡಿಯೇ. ತಿರುವಿಗೆ ಸೆಂಟ್ರಿಂಗ್ ಹಲಗೆ ಬಡಿಯುತ್ತಿದ್ದಾರೆ ಎಂದಾಗ ಕಣ್ಣರಳಿಸಿ, "ಅಂಗಾರೆ ಯುಗಾದಿಗೆ ನಮ್ಮಕ್ಕ ಬತ್ತಾಳೆ ಬುಡು" ಎಂದರು. ಇತ್ತ ನಾನು ಮನೆಗೆ ಬಂದ ಕೂಡಲೆ ಅತ್ತೆ, "ಏನಂದ್ಲು?" ಎನ್ನುವರು. ರೋಡಿನ ವಿಚಾರ ಕೇಳಿದರು ಎಂದರೆ, "ಅವ್ಳಿಗೂ ಗೊತ್ತು ಕಣವ್ವ ನಾನ್ ಬತ್ತೀನಿ ಅಂತ" ಎಂದು ಸಮಾಧಾನ ಪಟ್ಟುಕೊಳ್ಳುವರು. ಇಬ್ಬರೂ ಆ ರಸ್ತೆಯನ್ನು ಅಷ್ಟು ನಂಬಿದ್ದರು. ನಾನೂ ನಂಬಿದ್ದೆ ಎನ್ನಲಾರೆ. ಚಿಕ್ಕತ್ತೆಯ ಪಾದ ಊದಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದನ್ನು ಹೇಳಿದರೆ ಅತ್ತೆ ಅಡುಗೆಮನೆಗೆ ಎದ್ದುಹೋಗುತ್ತಿದ್ದರು.

ಯುಗಾದಿಗೆ ಇನ್ನೂ ವಾರವಿರುವಾಗ ಬೆಳಗ್ಗೆ ಹಾಲು ಕಾಯಿಸುತ್ತಿದ್ದೆ, ಫೋನು ಬಂತು. ಮುಗಿದುಹೋಗಿತ್ತು. ನಾನು ನಡುಮನೆಗೆ ಹೋಗಿ ಹೇಳಿದೆ. ಅತ್ತೆ ಅಳಲಿಲ್ಲ. ಗೋಡೆಗೆ ಒರಗಿ ಕೂತವರು ಕೂತೇ ಇದ್ದರು. "ಈಗ್ಲಾದ್ರೂ ಬನ್ನಿ ಅತ್ತೆ" ಎಂದೆ. ಕೇಳಿಸಿತೋ ಇಲ್ಲವೋ. ಮುಂದೆ ಒತ್ತಾಯಿಸಲಿಲ್ಲ. ನಾನೊಬ್ಬಳೇ ಹೋಗಿ, ಮುಖ ನೋಡಿ ಬಂದೆ.

ಚಿಕ್ಕತ್ತೆಯ ಮನೆ ಮುಂದೆ ಹಿಂದಿನ ದಿನವಷ್ಟೇ ಕಾಂಕ್ರೀಟು ಸುರಿದಿದ್ದರು. ಅದರ ಮೇಲೆ ಕಾಲಿಡುವಂತಿರಲಿಲ್ಲ, ಅದರಾಚೆ ಗುಂಡಿ. ಮುಂಬಾಗಿಲಿಂದಲೇ ಹೊರಡಿಸಬೇಕು ಎಂದು ಹಿರಿಯರು ಹೇಳಿ ನೋಡಿದರು. ಯಾರ ಹೆಗಲ ಮೇಲೆ ಹೇಗೆ ದಾಟಿಸುವುದು? ಕೊನೆಗೆ ಹಿತ್ತಲ ಬಾಗಿಲಿಂದಲೇ ತೆಗೆದುಕೊಂಡು ಹೋಗುವುದೆಂದಾಯಿತು. ವ್ಯಾನು ನಿಂತದ್ದು ನಮ್ಮ ಮನೆಯಾಚೆ, ಗಲ್ಲಿ ಮುಗಿಯುವ ಕಡೆ. ಅಂದರೆ ಚಟ್ಟ ನಮ್ಮ ಹಿತ್ತಲ ಬಾಗಿಲನ್ನು ಹಾದೇ ಹೋಗಬೇಕು.

ಜಾಗಟೆಯ ಸದ್ದು ಕೇಳಿದ್ದೇ ತಡ, ಅತ್ತೆ ಗೋಡೆ ಹಿಡಿದು ಎದ್ದರು. ಅಡುಗೆಮನೆ ದಾಟಿದರು, ಹಿತ್ತಲು ದಾಟಿದರು, ಬಾಗಿಲ ಚಿಲಕವನ್ನು ತಾವೇ ಎಳೆದರು. ನಾನು ಹಿಂದೆ ಓಡಿದೆ. ಅವರು ಚಪ್ಪಲಿಯಿಲ್ಲದ ಕಾಲಲ್ಲಿ ಗಲ್ಲಿಗೆ ಇಳಿದು ನಡುಮಧ್ಯೆ ನಿಂತುಬಿಟ್ಟಿದ್ದರು. ಹೊತ್ತವರು ನಿಂತರು. ಅತ್ತೆ ತಂಗಿಯ ಕೆನ್ನೆ ಸವರಿದರು, ಹಣೆಯ ಮೇಲಿನ ಹೂವು ಸರಿಮಾಡಿದರು. "ನಡುಮನೇಗೆ ಬಾರೇ, ಬಾರಮ್ಮಿ" ಎಂದು ಕರೆದರು. ಹೊತ್ತವರಲ್ಲಿ ಒಬ್ಬರು ಬಿಕ್ಕಿದರು. ಆಮೇಲೆ ಯಾರೋ ಮೆಲ್ಲಗೆ ಅವರನ್ನು ಪಕ್ಕಕ್ಕೆ ಸರಿಸಿದರು, ಚಟ್ಟ ಮುಂದೆ ಹೋಯಿತು.

ಎಲ್ಲರೂ ಹೋದ ಮೇಲೂ ಅತ್ತೆ ಅಲ್ಲೇ ನಿಂತಿದ್ದರು. ಚಟ್ಟ ಬಂದ ದಿಕ್ಕಿನತ್ತ ನೋಡುತ್ತಿದ್ದರು. ಬೀದಿಯಲ್ಲಾದರೆ ತಿರುವು ಸುತ್ತಿಕೊಂಡು ಹೋಗಬೇಕು. ಹಿಂದುಗಡೆ ಗಲ್ಲಿ ನೇರ. ಒಂದೆರಡು ಹಿತ್ತಲು ದಾಟಿದರೆ ತೆರೆದಿದ್ದ ಒಂದು ಬಾಗಿಲು, ಪಕ್ಕದ ತಂತಿಯ ಮೇಲೆ ಚಿಕ್ಕತ್ತೆಯ ಹಸಿರು ಸೀರೆ.

"ಅದೇಯಾ ಅವಳ ಮನೆ?"

"ಹೂಂ ಅತ್ತೆ."

"ಇಷ್ಟೇ ದೂರಾನಾ?"

ಅತ್ತೆ ನನ್ನ ಕಡೆ ತಿರುಗಿದರು. "ಉಪ್ಪು ಜಾಸ್ತಿ ಆದ್ರೆ ಜಗಳಕ್ ಬತ್ತೀಯ, ಟಿವಿ ಸದ್ದಾದ್ರೆ ಜಗಳಕ್ ಬತ್ತೀಯ. ಇದಕ್ಕೊಂದಕ್ಕೆ ಯಾಕವ್ವ ಬರ್ನಿಲ್ಲ? ರಟ್ಟೆ ಹಿಡ್ಕಂಡು ಎಳ್ಕಂಡೋಗ್ಬಾರ್ದಾಗಿತ್ತಾ ನನ್ನ?"

ವಯಸ್ಸಾದವರು, ಅವರ ನಂಬಿಕೆ ಅವರಿಗೆ ಎಂದು ಬಿಟ್ಟಿದ್ದೆ. ಅದನ್ನು ಗೌರವ ಎಂದುಕೊಂಡಿದ್ದೆ. ಒಳಗೆ ಕರೆದುಕೊಂಡು ಹೋಗೋಣವೆಂದು ಅವರ ರಟ್ಟೆ ಹಿಡಿದೆ. ಬಳೆ ಮೊಣಕೈವರೆಗೂ ಜಾರುವಷ್ಟು ಬಡವಾಗಿತ್ತು ಆ ಕೈ. ಮೆತ್ತಗೆ ಎಳೆದೆನಷ್ಟೆ, ಅತ್ತೆ ಬಂದುಬಿಟ್ಟರು.